ಆ ಪ್ರಮಾಣಪತ್ರದ ಬಗ್ಗೆ, ಕೊಯಿಡುವಿನಿಂದ

ಕೊಯಿಡು, ಕೋನೊ ಜಿಲ್ಲೆ,
ಸಿಯೆರಾ ಲಿಯೋನ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ತಂಗಿಯ ಉಂಗುರಕ್ಕೆಂದು ನೋಡಿಟ್ಟ ವಜ್ರದ ಜೊತೆ ಅಂಗಡಿಯವರು ಕೊಟ್ಟ ಕಾಗದದಲ್ಲಿ ‘ಸಂಘರ್ಷಮುಕ್ತ’ ಎಂದು ಬರೆದಿದೆಯೆಂದೂ, ಆ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ವಜ್ರದ ನಾಡಿನಲ್ಲೇ ಇರುವ ನಾನು ತಿಳಿಸಬೇಕೆಂದೂ ಬರೆದಿದ್ದೀರಿ. ಮೂವತ್ತು ವರ್ಷ ಬೇರೆಯವರ ಲೆಕ್ಕಪತ್ರ ತಪಾಸಣೆ ಮಾಡಿದವರು ನೀವು. ಕಾಗದದಲ್ಲಿ ಏನು ಬರೆದಿದೆಯೆಂದು ಓದುವ ಮುಂಚೆ ಯಾವ ಕಲಮು ಬಿಟ್ಟುಹೋಗಿದೆಯೆಂದು ಹುಡುಕುವ ಅಭ್ಯಾಸ ನಿಮ್ಮದು. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಆ ಕಾಗದದ ಹುಟ್ಟಿಗೆ ಈ ಜಿಲ್ಲೆಯೂ ಒಂದು ಕಾರಣ. ಕೋನೊದಲ್ಲಿ ಮೊದಲ ವಜ್ರ ಸಿಕ್ಕಿದ್ದು 1930ರಲ್ಲಿ. 1991ರ ಮಾರ್ಚ್ ತಿಂಗಳಲ್ಲಿ ಲೈಬೀರಿಯಾದ ಗಡಿ ದಾಟಿ ಬಂದ ಬಂಡುಕೋರರು ಮುಂದೆ ಈ ಜಿಲ್ಲೆಯನ್ನು ಹಿಡಿದು, ಸೆರೆಸಿಕ್ಕ ಜನರಿಂದ ಬಂದೂಕು ತೋರಿಸಿ ಗುಂಡಿ ತೋಡಿಸಿ, ಸಿಕ್ಕ ಹರಳುಗಳನ್ನು ಅದೇ ಲೈಬೀರಿಯಾದ ಮೂಲಕ ಮಾರಿ ಆಯುಧ ತರಿಸಿಕೊಂಡರು. 2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಸಾರುವ ಹೊತ್ತಿಗೆ ಸುಮಾರು 50,000 ಜನ ಸತ್ತಿದ್ದರು. ಕೈ ಕಡಿಸಿಕೊಂಡೂ ಬದುಕುಳಿದವರು ಇಂದಿಗೂ ಈ ದೇಶದಲ್ಲಿದ್ದಾರೆ. ಬಂಡುಕೋರರಿಗೆ ಬೆಂಬಲವಾಗಿ ನಿಂತಿದ್ದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ ವಿಶೇಷ ನ್ಯಾಯಾಲಯ 50 ವರ್ಷಗಳ ಸೆರೆವಾಸ ವಿಧಿಸಿತು.

ಈ ಯುದ್ಧವೂ ಅಂಗೋಲಾದ ಯುದ್ಧವೂ ಪತ್ರಿಕೆಗಳಲ್ಲಿ ಸುದ್ದಿಯಾಗಿ, ವಜ್ರ ಕೊಳ್ಳುವವರು ಕೈ ಹಿಂದೆಗೆಯಬಹುದೆಂಬ ಭಯ ವ್ಯಾಪಾರಿಗಳನ್ನು ಕಾಡತೊಡಗಿದಾಗ, ಸರ್ಕಾರಗಳೂ ಉದ್ಯಮದವರೂ ಸ್ವಯಂಸೇವಾ ಸಂಸ್ಥೆಗಳೂ 2000ದಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಸಭೆ ಸೇರಿದರು. ಕಚ್ಚಾ ವಜ್ರ ಗಡಿ ದಾಟುವಾಗ ಅದು ಸಂಘರ್ಷದ್ದಲ್ಲವೆಂದು ಸರ್ಕಾರವೇ ಪ್ರಮಾಣಪತ್ರ ಕೊಡಬೇಕೆಂಬ ವ್ಯವಸ್ಥೆ, ‘ಕಿಂಬರ್ಲಿ ಪ್ರಕ್ರಿಯೆ’, ಅಲ್ಲಿ ಮೊಳೆತು 2003ರಲ್ಲಿ ಜಾರಿಗೆ ಬಂತು. ಅದರಿಂದ ಉಪಯೋಗವೇ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕಳ್ಳದಾರಿಯಲ್ಲಿ ಹೋಗುತ್ತಿದ್ದ ಎಷ್ಟೋ ಹರಳುಗಳು ಸರ್ಕಾರದ ಲೆಕ್ಕಕ್ಕೆ ಬಂದವು.

ಆದರೆ ಅದರ ವ್ಯಾಖ್ಯೆಯನ್ನು ನಿಮ್ಮ ಕಣ್ಣಿನಿಂದ ಒಮ್ಮೆ ಓದಿ. ಕಾನೂನುಬದ್ಧ ಸರ್ಕಾರವನ್ನು ಉರುಳಿಸಲು ಬಂಡುಕೋರರು ಹಣ ಹೊಂದಿಸಿಕೊಳ್ಳಲು ಬಳಸುವ ಕಚ್ಚಾ ವಜ್ರ ಮಾತ್ರ ಅದರ ಪ್ರಕಾರ ಸಂಘರ್ಷದ ವಜ್ರ. ಗುಂಡು ಹಾರಿಸಿದವರು ಸರ್ಕಾರದ ಸೈನಿಕರೇ ಆಗಿದ್ದರೆ ಆ ಹೆಸರು ಅನ್ವಯಿಸುವುದಿಲ್ಲ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸೈನ್ಯ ನುಗ್ಗಿ 200ಕ್ಕೂ ಹೆಚ್ಚು ಜನರನ್ನು ಕೊಂದಿತೆಂದು ಮಾನವ ಹಕ್ಕುಗಳ ಸಂಸ್ಥೆಯಾದ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಆದರೂ 2011ರಲ್ಲಿ ಅಲ್ಲಿನ ವಜ್ರದ ರಫ್ತಿಗೆ ಕಿಂಬರ್ಲಿ ಪ್ರಕ್ರಿಯೆಯ ಅನುಮತಿ ಸಿಕ್ಕಿತು. ಈ ವ್ಯವಸ್ಥೆಗಾಗಿ ಮೊದಲಿಂದ ಹೋರಾಡಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರನಡೆಯಿತು. ಇನ್ನೊಂದು ಸಂಗತಿಯೂ ಇದೆ. ಸರ್ಕಾರದ ಪ್ರಮಾಣಪತ್ರ ಅಂಟಿಕೊಂಡಿರುವುದು ಗಡಿ ದಾಟುವ ಕಚ್ಚಾ ವಜ್ರದ ಪೊಟ್ಟಣಕ್ಕೆ, ಒಂದೊಂದು ಹರಳಿಗೆ ಅಲ್ಲ. ಸಾಣೆ ಹಿಡಿದ ಮೇಲೆ ಉಳಿಯುವುದು ವ್ಯಾಪಾರಿಯಿಂದ ವ್ಯಾಪಾರಿಗೆ ಬಿಲ್ಲಿನ ಮೇಲೆ ದಾಟುವ ಭರವಸೆಯ ಮಾತು. ತಂಗಿಯ ಕೈಗೆ ಬಂದಿರುವುದೂ ಅಂಥದ್ದೇ ಒಂದು ಮಾತಾಗಿರಬೇಕು.

ಯುದ್ಧ ಮುಗಿದು ಎರಡು ದಶಕ ಕಳೆದಿರುವ ಈ ಜಿಲ್ಲೆಯಲ್ಲಿ ನನಗೆ ದಿನವೂ ಎದುರಾಗುವುದು ಗುಂಡಿಗಳು. ಕೋನೊದ ಬಹುಪಾಲು ವಜ್ರ ನೀರು ಹೊತ್ತು ತಂದದ್ದು. ಭೂಮಿಯ ಆಳದಿಂದ ಮೇಲೆದ್ದ ಕಿಂಬರ್ಲೈಟ್ ಶಿಲೆ ಕೋಟ್ಯಂತರ ವರ್ಷಗಳಲ್ಲಿ ಸವೆದು, ಅದರೊಳಗಿದ್ದ ಹರಳುಗಳು ಹೊಳೆಯ ಪಾತ್ರದಲ್ಲೂ ಪಕ್ಕದ ಜೌಗಿನಲ್ಲೂ ಜಲ್ಲಿಯೊಂದಿಗೆ ಹೂತುಹೋಗಿವೆ. ಆ ಜಲ್ಲಿಯನ್ನು ಇಲ್ಲಿಯವರು ‘ಗ್ರಾವೆಲ್’ ಎನ್ನುತ್ತಾರೆ. ಅದನ್ನು ಮುಟ್ಟಲು ಮರ ಕಡಿದು, ಮೇಲ್ಮಣ್ಣು ಬಗೆದು, ಕೆಲವೆಡೆ ಹೊಳೆಯನ್ನೇ ತಿರುಗಿಸಿ, ಆಳುದ್ದಕ್ಕಿಂತ ಕೆಳಗೆ ತೋಡುತ್ತಾರೆ. ಆಮೇಲೆ ಸೊಂಟದವರೆಗಿನ ನೀರಿನಲ್ಲಿ ನಿಂತು, ದುಂಡು ಜರಡಿಯಲ್ಲಿ ಅದನ್ನು ದಿನವಿಡೀ ತೊಳೆಯುತ್ತಾರೆ. ಜಲ್ಲಿ ಮುಗಿದಾಗ ಗುಂಪು ಪಕ್ಕಕ್ಕೆ ಸರಿಯುತ್ತದೆ, ಗುಂಡಿ ಇದ್ದಲ್ಲೇ ಇರುತ್ತದೆ. ಮೇ ತಿಂಗಳಲ್ಲಿ ಮಳೆ ಹಿಡಿದರೆ ಅಕ್ಟೋಬರ್‌ವರೆಗೆ ಬಿಡುವಿಲ್ಲ. ಆ ನೀರೆಲ್ಲ ಗುಂಡಿಗಳಲ್ಲಿ ತುಂಬಿ ನಿಂತು ಸೊಳ್ಳೆ ಹುಟ್ಟುತ್ತದೆ, ಮಲೇರಿಯಾ ಹರಡುತ್ತದೆ. ಬಸವನಹುಳುವಿನ ಮೂಲಕ ದಾಟುವ ಬಿಲ್ಹಾರ್ಜಿಯಾ ರೋಗ ಈ ಜಿಲ್ಲೆಯಲ್ಲಿ ಮೊದಲೇ ಬೇರೂರಿದೆ. ನೀರಿನಲ್ಲಿ ನಿಂತೇ ಕೂಲಿ ಗಳಿಸಬೇಕಾದವನು ಅದರಿಂದ ಹೇಗೆ ತಪ್ಪಿಸಿಕೊಂಡಾನು? ನಾನು ಕೊಳವೆಬಾವಿಗೆ ಜಾಗ ಗುರುತಿಸಲು ಹೋದ ಒಂದು ಹಳ್ಳಿಯಲ್ಲಿ, ಹೆಂಗಸರು ಬಟ್ಟೆ ಒಗೆಯುತ್ತಿದ್ದದ್ದೂ ಮಕ್ಕಳು ಈಜುತ್ತಿದ್ದದ್ದೂ ಅಂಥ ಒಂದೇ ಗುಂಡಿಯಲ್ಲಿ. ಅದರ ಅಂಚು ಎಲ್ಲಿ ಮುಗಿಯುತ್ತದೆ, ಆಳ ಎಲ್ಲಿ ಶುರುವಾಗುತ್ತದೆ ಎಂದು ಆ ಕೆಂಪು ನೀರಿನಲ್ಲಿ ಕಾಣುವುದಿಲ್ಲ.

ಮುಚ್ಚಬಾರದೇ ಎಂದು ನೀವು ಕೇಳುತ್ತೀರಿ. ಪರವಾನಗಿ ಕೊಡುವಾಗ ನೆಲ ಸರಿಪಡಿಸಲೆಂದು ಶುಲ್ಕ ವಸೂಲು ಮಾಡುವ ನಿಯಮವಿದೆ. ಕೆಲವು ಕಡೆ ಗುಂಡಿ ತುಂಬಿಸಿ ಮತ್ತೆ ಬೆಳೆ ತೆಗೆದದ್ದೂ ಉಂಟು. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಅಡ್ಡಿ ಆಸೆ. ಒಮ್ಮೆ ತೊಳೆದು ಎಸೆದ ಜಲ್ಲಿಯನ್ನು ಮತ್ತೆ ತೊಳೆಯುವುದಕ್ಕೆ ಇಲ್ಲಿ ‘ಓವರ್‌ಕಿಕ್’ ಎಂಬ ಹೆಸರೇ ಇದೆ. ಹಿಂದಿನವರ ಕಣ್ಣು ತಪ್ಪಿಸಿದ ಒಂದು ಹರಳು ಆ ರಾಶಿಯಲ್ಲಿರಬಹುದು ಎಂದುಕೊಂಡವನು ಅದನ್ನು ಗುಂಡಿಗೆ ಮರಳಿ ಸುರಿಯಲು ಯಾಕೆ ಒಪ್ಪುತ್ತಾನೆ?

ತೋಡುವವನ ಲೆಕ್ಕವನ್ನೂ ನೋಡಿ. ಪರವಾನಗಿಗೂ ಸಲಕರಣೆಗೂ ಹಣ ಹಾಕುವವನನ್ನು ‘ಸಪೋರ್ಟರ್’ ಎನ್ನುತ್ತಾರೆ. ತೋಡುವವನಿಗೆ ದಿನಕ್ಕೆ ಎರಡು ಬಟ್ಟಲು ಅಕ್ಕಿ, ಚಿಲ್ಲರೆ ಕಾಸು, ಮತ್ತು ವಜ್ರ ಸಿಕ್ಕಿದರೆ ಅದರಲ್ಲಿ ಒಂದು ಪಾಲು. ಹರಳಿನ ಬೆಲೆ ಕಟ್ಟುವವನು ಬಹುತೇಕ ಆ ಸಪೋರ್ಟರನೇ; ಹಿಂದಿನ ಖರ್ಚನ್ನೆಲ್ಲ ಮುರಿದುಕೊಂಡು ಉಳಿದದ್ದು ಪಾಲು. ತಿಂಗಳುಗಟ್ಟಲೆ ಏನೂ ಸಿಗದಿದ್ದರೆ ಉಳಿಯುವುದು ಸಾಲ. ನನ್ನನ್ನು ಹೆಚ್ಚು ಕಾಡುವುದು ಆ ಅಕ್ಕಿ. ಜಲ್ಲಿ ಸಿಗುವ ಜೌಗು ಇಲ್ಲಿ ಭತ್ತಕ್ಕೆ ಒಳ್ಳೆಯ ಭೂಮಿಯೂ ಹೌದು. ಅದನ್ನು ಅಗೆದು ಹಾಳುಗೆಡವುವವನು ಸಂಜೆಗೆ ಹಡಗಿನಲ್ಲಿ ಬಂದ ಅಕ್ಕಿ ಬೇಯಿಸಿಕೊಳ್ಳುತ್ತಾನೆ.

ಇದು ಕೈಯಿಂದ ತೋಡುವವರ ಕಥೆಯಾಯಿತು. ಕೊಯಿಡುವಿನ ಮಗ್ಗುಲಲ್ಲೇ ಯಂತ್ರಗಳ ದೊಡ್ಡ ಗಣಿಯೂ ಇದೆ. ಅದಕ್ಕಾಗಿ ಮನೆ ಬಿಟ್ಟವರ ಅಸಮಾಧಾನವೂ, ಗಣಿಯಲ್ಲಿ ಬಂಡೆ ಸಿಡಿಸುವ ಹೊತ್ತಿಗೆ ಊರು ಬಿಟ್ಟು ನಿಲ್ಲಬೇಕಾದವರ ಸಿಟ್ಟೂ, ಕೂಲಿಯ ತಕರಾರೂ ಪ್ರತಿಭಟನೆಯಾಗಿ, 2007ರಲ್ಲೂ 2012ರಲ್ಲೂ ಗುಂಡು ಹಾರಿ ಜನ ಸತ್ತರು. ಬೇರೆಡೆ ನದಿಗಳೇ ಬಲಿಯಾಗಿವೆ. 2021ರ ಜುಲೈಯಲ್ಲಿ ಅಂಗೋಲಾದ ಕಟೋಕಾ ಗಣಿಯ ತ್ಯಾಜ್ಯ ಸೋರಿ, ಗಡಿಯಾಚೆ ಕಾಂಗೋದಲ್ಲಿ ಚಿಕಾಪಾ ಮತ್ತು ಕಸಾಯಿ ನದಿಗಳ ನೀರು ಕೆಂಪಾಗಿ ಮೀನುಗಳು ತೇಲಿದವು. 12 ಜನ ಸತ್ತರು, ಸಾವಿರಾರು ಮಂದಿಗೆ ಕಾಯಿಲೆ ತಗಲಿತು ಎಂದು ಕಾಂಗೋ ಸರ್ಕಾರ ಹೇಳಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್‌ನಲ್ಲಿ, ಗಣಿ ಮುಚ್ಚಿ ಅರ್ಧ ಶತಮಾನವಾದ ಮೇಲೆ, ಅದರ ಕೆಸರಿನ ಕಟ್ಟೆ ಒಡೆದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಇವೆಲ್ಲ ಸಂಘರ್ಷಮುಕ್ತ ವಜ್ರಗಳೇ.

ಹಾಗಾದರೆ ಕೊಳ್ಳುವುದೇ ಬೇಡವೇ? ಈ ಪ್ರಶ್ನೆಯನ್ನು ನಾನಿಲ್ಲಿ ಒಬ್ಬ ತೋಡುವವನ ಮುಂದಿಟ್ಟೆ. ನೀವು ಕೊಳ್ಳದಿದ್ದರೆ ನನ್ನ ಎರಡು ಬಟ್ಟಲು ಅಕ್ಕಿಯೂ ಹೋಗುತ್ತದೆ, ಜೌಗು ಮಾತ್ರ ಮರಳಿ ಬರುವುದಿಲ್ಲ ಎಂದು ಅವನು ನಕ್ಕ. 2017ರಲ್ಲಿ ಇದೇ ಜಿಲ್ಲೆಯ ಕೊರ್ಯಾರ್ಡು ಎಂಬ ಹಳ್ಳಿಯ ಹತ್ತಿರ 709 ಕ್ಯಾರೆಟ್ಟಿನ ಹರಳು ಸಿಕ್ಕಾಗ, ಅದನ್ನು ಕದ್ದು ಮಾರದೆ ಸರ್ಕಾರಕ್ಕೆ ಒಪ್ಪಿಸಿದರು. ನ್ಯೂಯಾರ್ಕ್‌ನಲ್ಲಿ 65 ಲಕ್ಷ ಡಾಲರ್ ಬಂತು. ಅದನ್ನು ‘ಶಾಂತಿ ವಜ್ರ’ ಎಂದು ಕರೆದರು. ಇಲ್ಲಿನ ಹುಡುಗರ ಕಿವಿಗೆ ಬಿದ್ದಿರುವ ಪಾಠ ಮಾತ್ರ ಇಷ್ಟೇ: ಮುಂದಿನ ಜರಡಿಯಲ್ಲೂ ಅಂಥದ್ದೊಂದು ಇರಬಹುದು.

ಆದ್ದರಿಂದ ತಂಗಿಗೆ ನಾನು ಬೇಕೆಂದಾಗಲಿ ಬೇಡವೆಂದಾಗಲಿ ಹೇಳಲಾರೆ. ಅಂಗಡಿಯವರನ್ನು ಎರಡು ಮಾತು ಕೇಳಲಿ: ಹರಳು ಯಾವ ದೇಶದ ಯಾವ ಗಣಿಯದು, ಮತ್ತು ಆ ಗಣಿಯ ಗುಂಡಿ ಮುಚ್ಚುವ ಹೊಣೆ ಯಾರದು. ಮೊದಲನೆಯದಕ್ಕೆ ಉತ್ತರ ಸಿಕ್ಕರೂ ಸಿಕ್ಕೀತು. ಎರಡನೆಯದಕ್ಕೆ ಅವರು ಏನು ಹೇಳಿದರೆಂದು ನನಗೆ ತಪ್ಪದೆ ಬರೆಯಿರಿ. ಮಳೆಗೆ ಇನ್ನು ಮೂರು ವಾರವಿದೆ, ಅಷ್ಟರೊಳಗೆ ಎರಡು ಹಳ್ಳಿಗಳ ಕೊಳವೆಬಾವಿ ಮುಗಿಸಬೇಕು. ಒಂದರಲ್ಲಿ ನೆಲ ಎಷ್ಟು ಬಗೆದುಹೋಗಿದೆಯೆಂದರೆ ಯಂತ್ರ ನಿಲ್ಲಿಸಲು ಗಟ್ಟಿ ಜಾಗ ಇನ್ನೂ ಸಿಕ್ಕಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗಳು