ಗುಳೆ ಹೋಗುವ ಮಕ್ಕಳ ಹಿಂದೆ ಲಸಿಕೆಯೂ ಹೋಗಲಿ

ಮಾನ್ಯ ಸಂಪಾದಕರೇ,

ಇನ್ನು ಕೆಲವೇ ದಿನಕ್ಕೆ ದೀಪಾವಳಿ. ಯಾದಗಿರಿ, ಕಲಬುರಗಿ ಕಡೆಯ ಲಂಬಾಣಿ ತಾಂಡಾಗಳು ಈಗ ತುಂಬುತ್ತವೆ. ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋದವರು ಹಬ್ಬಕ್ಕೆ ಊರಿಗೆ ಬರುತ್ತಾರೆ. ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಹಾಡುತ್ತಾ ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ಮುಂಗಡ ಕೊಟ್ಟ ಮೇಸ್ತ್ರಿಯ ಫೋನ್ ಬರುತ್ತದೆ, ಮನೆಗಳಿಗೆ ಬೀಗ ಬೀಳುತ್ತದೆ. ಕಂಕುಳಲ್ಲಿ ಕೂಸಿರುವ ತಾಯಂದಿರೂ ಹೊರಡುತ್ತಾರೆ. ಆ ಕೂಸುಗಳಿಗೆ ತಪ್ಪುತ್ತಿರುವ ಲಸಿಕೆಯ ಬಗ್ಗೆ ಈ ಪತ್ರ.

ನಾನು ಈ ಭಾಗದ ಉಪಕೇಂದ್ರಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ರಾಜ್ಯ ಮುಂದೆ ಬಂದಿದೆ, ಅದನ್ನು ಮೊದಲು ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 63 ಮಕ್ಕಳಿಗೆ ಮಾತ್ರ ಮುಖ್ಯ ಲಸಿಕೆಗಳೆಲ್ಲ ಪೂರ್ತಿಯಾಗಿದ್ದವು. 2019-21ರ ಸಮೀಕ್ಷೆಗೆ ಅದು 84ಕ್ಕೆ ಏರಿತು. ಇದರ ಹಿಂದೆ ಸಾವಿರಾರು ಆಶಾ, ಅಂಗನವಾಡಿ ಕಾರ್ಯಕರ್ತೆಯರ ಕಾಲ್ನಡಿಗೆ ಇದೆ.

ಆದರೆ ಉಳಿದ 16 ಮಕ್ಕಳು ಊರೂರಿಗೆ ಸಮನಾಗಿ ಹಂಚಿಹೋಗಿಲ್ಲ. ಅವರು ಕೆಲವೇ ಕಡೆ ಗುಂಪುಗುಂಪಾಗಿ ಸಿಗುತ್ತಾರೆ. ಗುಳೆ ಹೋಗುವ ತಾಂಡಾದಲ್ಲಿ, ಇಟ್ಟಿಗೆ ಭಟ್ಟಿಯ ಜೋಪಡಿಯಲ್ಲಿ, ಕಟ್ಟಡ ಕೆಲಸದ ತಗಡಿನ ಶೆಡ್‌ನಲ್ಲಿ. ದಡಾರಕ್ಕೆ ಬೇಕಾಗಿರುವುದೂ ಇಂಥ ಜಾಗವೇ. ಅದು ಹರಡದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಜಿಲ್ಲೆಯ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಒಂದು ಶೆಡ್ ಸಾಲಿನಲ್ಲಿ ಲಸಿಕೆ ಆಗದ ಹತ್ತು ಮಕ್ಕಳಿದ್ದರೆ ಸಾಕು, ರೋಗಕ್ಕೆ ದಾರಿ ಸಿಗುತ್ತದೆ. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಂಥ ಇಕ್ಕಟ್ಟಿನ ಬಡಾವಣೆಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತದ್ದು ಓದುಗರಿಗೆ ನೆನಪಿರಬಹುದು. ಅದೇ ಮುಂಬೈಗೆ ನಮ್ಮವರು ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗುತ್ತಾರೆ. ಇನ್ನೊಂದು ದಿಕ್ಕಿಗೆ ಹತ್ತಿದರೆ ಬೆಂಗಳೂರು.

ತಾಂಡಾದ ಮನೆಗಳಲ್ಲಿ ತಾಯಿ ಕಾರ್ಡನ್ನು, ಅಂದರೆ ಮಗುವಿನ ಲಸಿಕೆಗಳನ್ನು ಬರೆದಿಡುವ ಕಾರ್ಡನ್ನು, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿರುತ್ತಾರೆ. ಬಿಚ್ಚಿ ನೋಡಿದರೆ ಮಗುವಿನ ಇಡೀ ಪ್ರಯಾಣ ಅಲ್ಲೇ ಕಾಣುತ್ತದೆ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಆಗಿರುತ್ತದೆ, ಯಾಕೆಂದರೆ ಹೆರಿಗೆ ಆಸ್ಪತ್ರೆಯಲ್ಲಿ. ಆರನೇ ವಾರದ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಆಗಿರುತ್ತದೆ, ಬಾಣಂತಿ ಆಗ ತವರಿನಲ್ಲೇ ಇದ್ದಳು. ಹತ್ತನೇ ವಾರ ಖಾಲಿ. ಹದಿನಾಲ್ಕನೇ ವಾರ ಖಾಲಿ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಖಾಲಿ. ಆ ಹೊತ್ತಿಗೆ ಮಗು ಪುಣೆಯಲ್ಲೋ ಬೆಂಗಳೂರಿನಲ್ಲೋ ಮರಳಿನ ಗುಡ್ಡೆಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಮಲಗಿತ್ತು.

ಕಾರ್ಡಿನ ಈ ಖಾಲಿ ಚೌಕಗಳನ್ನು ನೋಡಿ 'ಇವರಿಗೆ ತಿಳುವಳಿಕೆ ಇಲ್ಲ' ಎಂದು ಷರಾ ಬರೆಯುವುದು ಸುಲಭ. ನಾನು ಒಪ್ಪುವುದಿಲ್ಲ. ತಾಂಡಾದ ತಾಯಂದಿರು ನನಗೆ ಹೇಳುತ್ತಿದ್ದ ಮಾತೇ ಬೇರೆ. "ಸೂಜಿ ಮಾಡ್ಸಿದ್ರ ರಾತ್ರೆಲ್ಲ ಜ್ವರ ಬರ್ತಾವ ಅಕ್ಕೋರೆ, ನಾಳಿ ಕೂಲಿಗಿ ಹೋಗೋರ್ಯಾರು?" ಇದು ಅಜ್ಞಾನ ಅಲ್ಲ, ಲೆಕ್ಕ. ಪೆಂಟಾ ಹಾಕಿದ ರಾತ್ರಿ ಮಗುವಿಗೆ ಮೈ ಬಿಸಿಯಾಗುವುದು ನಿಜ. ಜ್ವರ ಯಾಕೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಔಷಧಿ ಎಷ್ಟು ಕೊಡಬೇಕು ಎಂದು ಕೂತು ಹೇಳಿದರೆ ಕೇಳುತ್ತಾರೆ. ಹಾಕಿ ಕಳಿಸಿಬಿಟ್ಟರೆ ಮುಂದಿನ ಸಲ ಬರುವುದಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸ್ಆ್ಯಪ್‌ನಲ್ಲಿ ಏನೇನೋ ಸುದ್ದಿ ಹಬ್ಬಿತ್ತು. ಭಾಷಣದಿಂದ ಅದು ಹೋಗಲಿಲ್ಲ. ತಾಂಡಾದ ನಾಯಕರು ಸೇವಾಲಾಲ್ ಗುಡಿಯ ಮುಂದೆ ಮೊದಲು ತಮ್ಮ ಮೊಮ್ಮಗನಿಗೆ ಹಾಕಿಸಿದರು. ಉಳಿದವರು ತಾವಾಗಿಯೇ ಸಾಲು ನಿಂತರು.

ದೊಡ್ಡ ತೊಂದರೆ ನಮ್ಮ ವೇಳಾಪಟ್ಟಿಯಲ್ಲಿದೆ. ನಮ್ಮಲ್ಲಿ ಲಸಿಕೆ ಎಂದರೆ ಗುರುವಾರ. ಬೆಳಿಗ್ಗೆ ಆರೋಗ್ಯ ಕೇಂದ್ರದಿಂದ ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆ ಒಯ್ಯುವ ತಂಪು ಪೆಟ್ಟಿಗೆ) ಹೊರಡುತ್ತದೆ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆಯ ಸೀಸೆಗಳು, ಅಂದರೆ ವಯಲ್‌ಗಳು. ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಹಾಗೇ ತುರುಕುವಂತಿಲ್ಲ. ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡಬೇಕು. ಇಲ್ಲವಾದರೆ ಪೆಂಟಾ ಹೆಪ್ಪುಗಟ್ಟಿ ಕೆಡುತ್ತದೆ. ಇಷ್ಟೆಲ್ಲಾ ಜೋಪಾನ ಮಾಡಿ ತಾಂಡಾ ಮುಟ್ಟುವಾಗ ಹತ್ತೂವರೆ ಆಗಿರುತ್ತದೆ. ತಾಯಂದಿರು ಆಗಲೇ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರುತ್ತಾರೆ. ಮನೆಯಲ್ಲಿ ಅಜ್ಜಿ, ಮಡಿಲಲ್ಲಿ ಮಗು. 'ಅದರ ತಾಯಿ ಇಲ್ಲ, ನಾ ಹ್ಯಾಂಗ ಹಾಕಿಸಲಿ' ಎನ್ನುತ್ತಾಳೆ. ಅವಳ ಅಂಜಿಕೆಯೂ ಸರಿಯೇ. ಅದೇ ತಂಡ ಸಂಜೆ ಐದರಿಂದ ಏಳರವರೆಗೆ ಬಂದರೆ ತಾಯಿಯೂ ಸಿಗುತ್ತಾಳೆ, ತಂದೆಯೂ ಸಿಗುತ್ತಾನೆ. ಇದಕ್ಕೆ ಬೇಕಾಗಿರುವುದು ರಾತ್ರಿ ವಾಪಸ್ ಬರಲು ಒಂದು ವಾಹನ ಮತ್ತು ಜೊತೆಗೊಬ್ಬರು. ಒಬ್ಬಳೇ ಹೆಣ್ಣುಮಗಳನ್ನು ಕತ್ತಲಲ್ಲಿ ತಾಂಡಾಕ್ಕೆ ಕಳಿಸುವ ಮಾತನ್ನು ನಾನು ಆಡುತ್ತಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಅದಕ್ಕೆ ಅದರ ಜೊತೆಗೇ ಬರುವ ನೀರನ್ನೇ ಬೆರೆಸಬೇಕು. ಬೆರೆಸಿದ ಮೇಲೆ ನಾಲ್ಕು ಗಂಟೆ ಮಾತ್ರ, ಆಮೇಲೆ ಉಳಿದದ್ದು ಚೆಲ್ಲಲೇಬೇಕು. ಒಂದು ವಯಲ್‌ನಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ. ದೂರದ ತಾಂಡಾದಲ್ಲಿ ಒಂದೇ ಮಗು ಸಿಕ್ಕಿತು ಅನ್ನಿ. ಒಂದು ಮಗುವಿಗಾಗಿ ವಯಲ್ ಒಡೆದರೆ ಮೇಲಿನವರು ಕೇಳುತ್ತಾರೇನೋ ಎಂಬ ಭಯಕ್ಕೆ ಸಿಸ್ಟರ್ 'ಮುಂದಿನ ಸಲ ಹಾಕೋಣ' ಎನ್ನುತ್ತಾರೆ. ಆ ಮಗುವಿಗೆ ಮುಂದಿನ ಸಲ ಇರುವುದಿಲ್ಲ. ಅದು ರೈಲು ಹತ್ತಿರುತ್ತದೆ. ಒಂದೇ ಮಗು ಇದ್ದರೂ ವಯಲ್ ತೆರೆಯಿರಿ, ಉಳಿದ ಡೋಸ್ ವ್ಯರ್ಥವಾದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ ಎಂದು ಜಿಲ್ಲಾ ಅಧಿಕಾರಿಗಳು ಪ್ರತಿ ತಿಂಗಳ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಬರಹದಲ್ಲಿದ್ದರೆ ಸಾಲದು.

ಮಗು ಹೋದ ಕಡೆ ಏನಾಗುತ್ತದೆ? ನನಗೆ ಪರಿಚಯದ ತಾಯಿಯೊಬ್ಬಳು ಕಾರ್ಡ್ ಹಿಡಿದು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದಳು. ಅರ್ಧ ದಿನದ ಕೂಲಿ ಬಿಟ್ಟು ಹೋದವಳನ್ನು 'ಇದು ಬೇರೆ ಜಿಲ್ಲೆಯ ಕಾರ್ಡ್, ನಿಮ್ಮೂರಿಗೆ ಹೋದಾಗ ಹಾಕಿಸಿ' ಎಂದು ಕಳಿಸಿದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸರ್ಕಾರಿ ಲಸಿಕೆ ದೇಶದ ಯಾವ ಊರಿನಲ್ಲಾದರೂ ಉಚಿತ. ಯಾವ ಜಿಲ್ಲೆಯ ಕಾರ್ಡ್ ಎಂದು ಕೇಳುವ ಹಾಗೇ ಇಲ್ಲ. ಕಾರ್ಡೇ ಇಲ್ಲದಿದ್ದರೂ ಹೊಸದು ಬರೆದು ಹಾಕಬೇಕು. ಈಗ ಯು-ವಿನ್ ಎಂಬ ವ್ಯವಸ್ಥೆ ಬಂದಿದೆ. ಒಂದು ಕಡೆ ದಾಖಲಾದ ಮಗುವಿನ ಲಸಿಕೆಯ ವಿವರ ಇನ್ನೊಂದು ಕಡೆ ತೆರೆದು ನೋಡಬಹುದು. ಗುಳೆ ಹೋಗುವ ಮಕ್ಕಳಿಗೆ ಇದರಿಂದ ಆಗುವಷ್ಟು ಉಪಯೋಗ ಬೇರೆ ಯಾರಿಗೂ ಇಲ್ಲ. ಆದರೆ ದಾಖಲೆ ಸಿಕ್ಕರೆ ಸಾಲದಲ್ಲ, ಶೆಡ್‌ವರೆಗೆ ಹೋಗಿ ಮಗುವನ್ನು ಹುಡುಕುವವರೂ ಬೇಕು.

ಹುಡುಕುವುದು ನಮಗೆ ಬಾರದ ಕೆಲಸವೇನಲ್ಲ. ಪಲ್ಸ್ ಪೋಲಿಯೊದಲ್ಲಿ ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಜಾತ್ರೆ, ಇಟ್ಟಿಗೆ ಭಟ್ಟಿ ಒಂದನ್ನೂ ಬಿಡದೆ ಹನಿ ಹಾಕಿದ್ದೇವೆ. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಬಿಹಾರವನ್ನೇ ನೋಡಿ. 1998-99ರಲ್ಲಿ ಅಲ್ಲಿ ನೂರಕ್ಕೆ ಸುಮಾರು 11 ಮಕ್ಕಳಿಗೆ ಮಾತ್ರ ಎಲ್ಲ ಲಸಿಕೆ ಆಗಿದ್ದವು. 2019-21ಕ್ಕೆ 71. ಊರು ಬಿಟ್ಟು ದುಡಿಯಲು ಹೋಗುವವರು ಅಲ್ಲಿ ನಮಗಿಂತ ಜಾಸ್ತಿ ಇದ್ದಾರೆ, ಅಲ್ವಾ?

ನಮ್ಮಲ್ಲಿಗೆ ಬರುವವರ ಮಕ್ಕಳೂ ನಮ್ಮ ಹೊಣೆಯೇ. ಕಬ್ಬು ನುರಿಸುವ ಹಂಗಾಮಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ, ಬಾಗಲಕೋಟೆಗೆ ಗ್ಯಾಂಗ್‌ಗಳು ಬರುತ್ತವೆ. ಕಾರ್ಖಾನೆಯವರ ಹತ್ತಿರ ಯಾವ ಗ್ಯಾಂಗ್ ಯಾವ ಹೊಲದಲ್ಲಿದೆ ಎಂಬ ಲೆಕ್ಕ ಇರುತ್ತದೆ. ಆ ಪಟ್ಟಿಯನ್ನೇ ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಕೇಳಿ ಪಡೆದರೆ ಅರ್ಧ ಕೆಲಸ ಮುಗಿಯಿತು.

ಆಶಾ ಕಾರ್ಯಕರ್ತೆಯ ಮಾತು ಹೇಳದೆ ಈ ಪತ್ರ ಮುಗಿಸಲಾರೆ. ಮಗುವಿಗೆ ಎಲ್ಲ ಲಸಿಕೆ ಪೂರ್ತಿಯಾದ ಮೇಲೆ ಆಕೆಗೆ ಪ್ರೋತ್ಸಾಹಧನ. ಮಗು ನಡುವೆ ಗುಳೆ ಹೋದರೆ ಅಲ್ಲಿಯವರೆಗೆ ಓಡಾಡಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಹೋದ ಕಡೆ ಇನ್ನೊಬ್ಬ ಆಶಾ ಆ ಮಗುವನ್ನು ಹುಡುಕಿ ಒಂದು ಡೋಸ್ ಹಾಕಿಸಿದರೂ ಆಕೆಗೂ ಹಾಗೇ. ಪ್ರತಿ ಡೋಸಿಗೂ ಇಂತಿಷ್ಟು ಎಂದು ಕೊಟ್ಟರೆ ಇಬ್ಬರ ಶ್ರಮಕ್ಕೂ ಬೆಲೆ ಬರುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನ ಚಳಿಯಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದು ಇದೇ ಹೆಣ್ಣುಮಕ್ಕಳು. ಅವರ ಹೊಟ್ಟೆ ತಣ್ಣಗಿಡದೆ ತಾಂಡಾದ ಮಗುವನ್ನು ಮುಟ್ಟುತ್ತೇವೆ ಎನ್ನುವುದು ಆಗದ ಮಾತು.

ಈಗ ಆಗಬೇಕಾದ್ದು ಇಷ್ಟು. ದೀಪಾವಳಿಯ ಆ ವಾರ ಗುರುವಾರಕ್ಕೆ ಕಾಯದೆ ಗುಳೆ ಹೋಗುವ ಪ್ರತಿ ತಾಂಡಾದಲ್ಲೂ ಸಂಜೆ ಹೊತ್ತು ಲಸಿಕೆ ಹಾಕಲಿ. ಹೋಳಿ ಹಬ್ಬಕ್ಕೆ ಮತ್ತೆ ಬರುತ್ತಾರೆ, ಆಗಲೂ ಹಾಕಲಿ. ಹೊರಡುವ ಮುನ್ನ ತಾಯಿಯ ಮೊಬೈಲಿನಲ್ಲಿ ಕಾರ್ಡಿನ ಫೋಟೊ ತೆಗೆದುಕೊಡಲಿ. ಯಾವ ಊರಿಗೆ, ಯಾವ ಮೇಸ್ತ್ರಿಯ ಕೆಳಗೆ ಹೋಗುತ್ತಾರೆ ಎಂದು ಆಶಾ ಬರೆದುಕೊಳ್ಳಲಿ. ಆ ಊರಿನ ಆರೋಗ್ಯ ಕೇಂದ್ರಕ್ಕೆ ಇಲ್ಲಿಂದಲೇ ಫೋನ್ ಹೋಗಲಿ. ಡೋಸ್ ತಪ್ಪಿದೆ ಎಂದು ತಾಯಂದಿರು ಹಿಂಜರಿಯಬೇಡಿ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ದಡಾರದ ಲಸಿಕೆಯನ್ನು ಐದು ವರ್ಷದವರೆಗೂ ಹಾಕುತ್ತಾರೆ.

ಬೆಂಗಳೂರಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿದ್ದರೆ ಅದರ ಶೆಡ್‌ನಲ್ಲಿ ಸಣ್ಣ ಮಕ್ಕಳಿದ್ದಾರಾ ನೋಡಿ. ಇದ್ದರೆ ಹತ್ತಿರದ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ದವಾಖಾನೆಗೋ ಆರೋಗ್ಯ ಕೇಂದ್ರಕ್ಕೋ ಒಂದು ಮಾತು ತಿಳಿಸಿ. ನೀವೇ ಮನೆ ಕಟ್ಟಿಸುತ್ತಿದ್ದರೆ, ಲಸಿಕೆ ಹಾಕಿಸಲು ಹೋದ ದಿನದ ಕೂಲಿಯನ್ನು ಆ ತಾಯಿಗೆ ಕಡಿಯಬೇಡಿ ಎಂದು ಮೇಸ್ತ್ರಿಗೆ ಹೇಳಿ.

— ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಯಾದಗಿರಿ ಜಿಲ್ಲೆ