ಒಂದೇ ಲೈಸೆನ್ಸ್‌ನಲ್ಲಿ ಜಗತ್ತೆಲ್ಲ ಹಾರಲಾಗದು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಪೈಲಟ್ ಕೆಲಸದ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿಯೇ ಇತ್ತು. ಆದರೆ ಕೊನೆಯಲ್ಲಿ ಒಂದು ಸಾಲಿತ್ತು. ವಿದೇಶದಲ್ಲಿ ಲೈಸೆನ್ಸ್ ಪಡೆದರೆ ಯಾವ ದೇಶದಲ್ಲಾದರೂ ವಿಮಾನ ಹಾರಿಸಬಹುದು ಅಂತ. ಆ ಸಾಲಿಗಾಗಿಯೇ ಈ ಪತ್ರ.

ನಾನು ಕೋಲಾರದಲ್ಲಿ ಕೋರ್ಟ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ನಾನು ವಿಮಾನ ಹತ್ತಿರುವುದೇ ಎರಡು ಸಲ. ನಿನಗ್ಯಾಕಪ್ಪಾ ಈ ಉಸಾಬರಿ ಅಂತ ನೀವು ಕೇಳಬಹುದು. ಬರಹ ಬಂದ ಮೂರನೇ ದಿನ ಶ್ರೀನಿವಾಸಪುರ ಕಡೆಯ ರೈತರೊಬ್ಬರು ಅಂಗಡಿಗೆ ಬಂದರು. ಮಾವಿನ ತೋಟದವರು. ಕೈಯಲ್ಲಿ ಪಹಣಿ, ಇ.ಸಿ., ಮಗಳ ಪಿಯುಸಿ ಅಂಕಪಟ್ಟಿ. ಎಲ್ಲದಕ್ಕೂ ಮೂರು ಮೂರು ಪ್ರತಿ ಬೇಕಿತ್ತು. ತೋಟ ಅಡ ಇಟ್ಟು ಮಗಳನ್ನು ಯುರೋಪಿಗೆ ಪೈಲಟ್ ಟ್ರೈನಿಂಗ್‌ಗೆ ಕಳಿಸುತ್ತಾರಂತೆ. ಯಾವುದೋ ಕನ್ಸಲ್ಟೆನ್ಸಿಯ ಬಣ್ಣದ ಹಾಳೆಯನ್ನೂ ತಂದಿದ್ದರು. ಅದರಲ್ಲೂ ಅದೇ ಮಾತು. ಅದರ ಜೊತೆ ನಿಮ್ಮ ಪುರವಣಿಯ ಕಟಿಂಗ್. "ಪೇಪರ್‌ನಲ್ಲೇ ಬಂದಿದೆಯಲ್ಲ ಸಾರ್" ಅಂದರು.

ನನ್ನ ಅಕ್ಕನ ಮಗ 9 ವರ್ಷ ಯುರೋಪಿನಲ್ಲಿ ಜೆಟ್ ಹಾರಿಸಿದವನು. ಲೈಸೆನ್ಸ್ ಐರ್ಲೆಂಡಿನದು. ಅವನ ಹೆಂಡತಿ ನರ್ಸ್. ಆಕೆಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ಇವನೂ ಹೊರಟ. ಪೈಲಟ್‌ಗೇನು ಕಷ್ಟ, ಅಲ್ಲಿ ಇಳಿದ ಮರುದಿನವೇ ಡ್ಯೂಟಿ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ನಾನೇ ಜಾಸ್ತಿ ಕೊಚ್ಚಿಕೊಂಡಿದ್ದೆ.

ಆಗ ಅವನು ಹೇಳಿದ್ದು ಇವತ್ತಿಗೂ ನೆನಪಿದೆ. "ಮಾವ, ಲೈಸೆನ್ಸ್ ನೋಡಬೇಡ. ವಿಮಾನದ ಮೇಲೆ ಬರೆದಿರೋ ಅಕ್ಷರ ನೋಡು." ನಮ್ಮ ಗಾಡಿಗೆ ಕೆಎ 07 ಇದ್ದಂತೆ ಪ್ರತಿ ವಿಮಾನಕ್ಕೂ ಅದರ ದೇಶದ ಅಕ್ಷರ ಇರುತ್ತದೆ. ಭಾರತದ್ದು ವಿಟಿ, ಐರ್ಲೆಂಡಿನದು ಇಐ, ಆಸ್ಟ್ರೇಲಿಯಾದ್ದು ವಿಎಚ್. 1944ರಲ್ಲಿ ಶಿಕಾಗೋದಲ್ಲಿ ದೇಶಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದದ ಪ್ರಕಾರ, ವಿಮಾನ ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಆ ದೇಶ ಕೊಟ್ಟ ಅಥವಾ ಒಪ್ಪಿಕೊಂಡ ಲೈಸೆನ್ಸ್ ಪೈಲಟ್ ಹತ್ತಿರ ಇರಬೇಕು. ಅಂದರೆ ಐರ್ಲೆಂಡಿನ ವಿಮಾನವನ್ನು ಅವನು ಸಿಡ್ನಿಯಲ್ಲಿ ಇಳಿಸಬಹುದು. ಆದರೆ ಸಿಡ್ನಿಯಲ್ಲೇ ನಿಂತ ವಿಎಚ್ ವಿಮಾನವನ್ನು ಮುಟ್ಟುವಂತಿಲ್ಲ. ನಮ್ಮ ಡ್ರೈವಿಂಗ್ ಲೈಸೆನ್ಸ್ ಹಾಗಲ್ಲವಲ್ಲ. ಇಲ್ಲಿ ಕೊಟ್ಟದ್ದನ್ನು ಇಟ್ಟುಕೊಂಡು ಕಾಶ್ಮೀರದಲ್ಲಿ ಅಲ್ಲಿನ ಗಾಡಿ ಓಡಿಸಬಹುದು. ನಮಗೆ ಆ ಅಭ್ಯಾಸ, ಅದಕ್ಕೇ ಎಡವುತ್ತೇವೆ.

ಯುರೋಪಿನ ಒಳಗೆ ಮಾತ್ರ ನಿಮ್ಮ ಸಾಲು ಅರ್ಧ ನಿಜ. ಅಲ್ಲಿನ ಬಹುತೇಕ ದೇಶಗಳಿಗೆ ಈಸಾ ಅನ್ನುವ ಒಂದೇ ವಿಮಾನಯಾನ ಸಂಸ್ಥೆಯ ನಿಯಮ. ಕಚೇರಿ ಜರ್ಮನಿಯ ಕಲೋನ್‌ನಲ್ಲಿದೆ. ಐರ್ಲೆಂಡಿನ ಲೈಸೆನ್ಸ್‌ನಲ್ಲಿ ಸ್ಪೇನ್‌ನ ವಿಮಾನವನ್ನೂ ಹಾರಿಸಬಹುದು. ಆದರೆ 2021ರ ಜನವರಿಯಿಂದ ಬ್ರಿಟನ್ ಅದರಿಂದ ಹೊರಗೆ. ಆಗ ಬ್ರಿಟಿಷ್ ಲೈಸೆನ್ಸ್ ಇದ್ದ ಎಷ್ಟೋ ಪೈಲಟ್‌ಗಳು ಬೇರೆ ದೇಶಕ್ಕೆ ಅದನ್ನು ಬದಲಾಯಿಸಿಕೊಳ್ಳಲು ಓಡಾಡಿದರಂತೆ.

ಈಗ ಆಸ್ಟ್ರೇಲಿಯಾದ ಕಥೆ. ಅಲ್ಲಿನ ಸಂಸ್ಥೆಯ ಹೆಸರು ಕಾಸಾ. ಹೆಸರು ಕೇಳಿ ನಮ್ಮಕ್ಕ "ಕಾಸು ಕೇಳೋದಕ್ಕೇ ಇಟ್ಟಿರೋ ಹೆಸರು" ಅಂದಳು. ಮೊದಲು ಅಲ್ಲಿ ಒಂದು ನಂಬರ್ ಪಡೆಯಬೇಕು, ಎಆರ್‌ಎನ್ ಅಂತ. ಆಮೇಲೆ ಅವರು ಐರ್ಲೆಂಡಿನವರನ್ನೇ ಕೇಳಿ ಲೈಸೆನ್ಸ್ ಅಸಲಿಯೋ ಅಲ್ಲವೋ ನೋಡುತ್ತಾರೆ. ಕ್ಲಾಸ್ ಒನ್ ಮೆಡಿಕಲ್ ಅನ್ನುವ ಪೈಲಟ್‌ಗಳ ವೈದ್ಯಕೀಯ ತಪಾಸಣೆ ಹೊಸದಾಗಿ ಆಗಬೇಕು. ಪೊಲೀಸ್ ವಿಚಾರಣೆಯ ಥರದ ಭದ್ರತಾ ತಪಾಸಣೆ ಬೇರೆ.

ನಮ್ಮ ಹುಡುಗ ಸಿಕ್ಕಿಹಾಕಿಕೊಂಡದ್ದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಊರಿನದೊಂದು, ಅಪ್ಪನದೊಂದು. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿ ಕೂತಿದೆ. ಐರ್ಲೆಂಡಿನ ಲೈಸೆನ್ಸ್‌ನಲ್ಲಿ ಅಪ್ಪನ ಹೆಸರು ಹಿಂದೆ ಮುಂದಾಗಿದೆ. ಮೂವರೂ ಒಬ್ಬನೇ ಅಂತ ಸಾಬೀತು ಮಾಡಲು ಅಫಿಡವಿಟ್ ಬೇಕಾಯಿತು. ಟೈಪ್ ಮಾಡಿದವನು ನಾನೇ. ರಜೆಗೆ ಊರಿಗೆ ಬಂದಾಗ ಅವನ ಮೂರು ಲಾಗ್‌ಬುಕ್‌ಗಳನ್ನು ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿದವನೂ ನಾನೇ. ಪ್ರತಿ ಸಾಲಿನಲ್ಲೂ ತಾರೀಕು, ವಿಮಾನದ ಅಕ್ಷರ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆ ಎಷ್ಟು ನಿಮಿಷ. ಇಷ್ಟು ಚೊಕ್ಕಟವಾದ ಲೆಕ್ಕದ ಪುಸ್ತಕವನ್ನು ಕೋಲಾರದ ಯಾವ ಮಂಡಿಯಲ್ಲೂ ನಾನು ಕಂಡಿಲ್ಲ.

ಪರೀಕ್ಷೆಯ ವಿಷಯದಲ್ಲಿ ಒಂದು ಸಮಾಧಾನ. ಅವನು ಯುರೋಪಿನಲ್ಲಿ 14 ಪೇಪರ್ ಬರೆದಿದ್ದ. ಈಗ ಅವು 13. ಪಾಸಾಗಲು ಪ್ರತಿಯೊಂದರಲ್ಲೂ ನೂರಕ್ಕೆ 75 ಬರಬೇಕು. ಅದನ್ನೆಲ್ಲ ಮತ್ತೆ ಬರೆಸುವುದಿಲ್ಲ. ಆಸ್ಟ್ರೇಲಿಯಾದ ಏರ್ ಲಾ ಬರೆಯಬೇಕು. ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ ಅನ್ನುವ ಹ್ಯೂಮನ್ ಫ್ಯಾಕ್ಟರ್ಸ್ ಬರೆಯಬೇಕು. ಮೋಡದೊಳಗೆ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಇನ್ನೊಂದು. ಕೊನೆಗೆ ಅಲ್ಲಿನ ಪರೀಕ್ಷಕರ ಮುಂದೆ ಸಿಮ್ಯುಲೇಟರ್‌ನಲ್ಲಿ ಹಾರಿಸಿ ತೋರಿಸಬೇಕಾಯಿತು.

ನಾನು ಕೇಳಿದೆ, ಆಕಾಶ ಒಂದೇ ಅಲ್ವೇನೋ, ಇದೆಲ್ಲ ಸುಮ್ನೆ ದುಡ್ಡು ಮಾಡೋದಕ್ಕೆ ಅಲ್ವಾ ಅಂತ. ಅಂಗಡಿಯ ಮೇಲಿನ ರೂಮಿನಲ್ಲಿ ಓದುತ್ತಾ ಕೂತಿದ್ದವನು ಪುಸ್ತಕ ಕೆಳಗಿಟ್ಟು ಹೇಳಿದ. ಐರ್ಲೆಂಡಿನಲ್ಲಿ ಮೇಲೇರುವಾಗ 5,000 ಅಡಿಯಲ್ಲಿ ಎತ್ತರ ತೋರಿಸುವ ಮೀಟರ್‌ನಲ್ಲಿ ಗಾಳಿಯ ಒತ್ತಡದ ಸೆಟ್ಟಿಂಗ್ ಬದಲಿಸಬೇಕು. ಆಸ್ಟ್ರೇಲಿಯಾದಲ್ಲಿ ಅದು 10,000 ಅಡಿ. 9 ವರ್ಷ ಕೈಗೆ ಕೂತ ಅಭ್ಯಾಸವನ್ನು ಕೈಯಿಂದಲೇ ಬಿಡಿಸಬೇಕು.

ಇನ್ನೊಂದು ಕೇಳಿ ನನಗೆ ಭಯವೇ ಆಯಿತು. ಅಲ್ಲಿ ಎಷ್ಟೋ ನಿಲ್ದಾಣಗಳಿಗೆ ಕಂಟ್ರೋಲ್ ಟವರ್ ಇಲ್ಲ. ಜೆಟ್ ಇಳಿಯುವ ಕೆಲವು ನಿಲ್ದಾಣಗಳಲ್ಲೂ ಟವರ್ ಇಲ್ಲ. ಉಲುರು ಅನ್ನುವ ಕೆಂಪು ಬಂಡೆಯ ಹತ್ತಿರದ ನಿಲ್ದಾಣ ಹಾಗೆಯೇ. ಪೈಲಟ್‌ಗಳೇ ಒಂದೇ ಚಾನೆಲ್‌ನಲ್ಲಿ ನಾನು ಇಲ್ಲಿದ್ದೇನೆ, ಈ ಕಡೆಯಿಂದ ಇಳಿಯುತ್ತಿದ್ದೇನೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಇಳಿಯುತ್ತಾರೆ. ನಂದಿ ಬೆಟ್ಟದ ತಿರುವಿನಲ್ಲಿ ನಾವು ಹಾರ್ನ್ ಹೊಡೆದುಕೊಂಡು ಹೋಗುತ್ತೇವಲ್ಲ, ಹಾಗೆ. ಯುರೋಪಿನ ದೊಡ್ಡ ನಿಲ್ದಾಣಗಳಲ್ಲೇ ಬೆಳೆದವನಿಗೆ ಅದು ಹೊಸ ಪಾಠ.

ಟೆಂಪೊ ಅಂತಲೂ ಒಂದಿದೆ. ನಮ್ಮೂರಲ್ಲಿ ಟೆಂಪೊ ಅಂದರೆ ಎಪಿಎಂಸಿಗೆ ಟೊಮೆಟೊ ತರುವ ಗಾಡಿ. ಅಲ್ಲಿ ಅದು ಹವಾಮಾನ ವರದಿಯ ಮಾತು. ಸ್ವಲ್ಪ ಹೊತ್ತು ಮೋಡವೋ ಮಳೆಯೋ ಕೆಟ್ಟದಾಗಿ ಬರಬಹುದು ಅಂತ ಅರ್ಥ. ಇಳಿಯುವ ಊರಿಗೆ ಟೆಂಪೊ ಬರೆದಿದ್ದರೆ ಒಂದು ಗಂಟೆ ಸುತ್ತುತ್ತಾ ಕಾಯುವಷ್ಟು ಇಂಧನ ಜಾಸ್ತಿ ಹಾಕಿಕೊಳ್ಳಬೇಕು. ಇಂಟರ್ ಅಂತ ಬರೆದಿದ್ದರೆ 30 ನಿಮಿಷದ್ದು. ಯುರೋಪಿನಲ್ಲಿ ಒಂದು ಊರಲ್ಲಿ ಇಳಿಯಲಾಗದಿದ್ದರೆ ಪಕ್ಕದಲ್ಲೇ ಇನ್ನೊಂದು ಊರು. ಪರ್ತ್‌ನಿಂದ ಚಿನ್ನದ ಗಣಿಯ ಊರು ಕಾಲ್ಗೂರ್ಲಿಗೇ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಹಾಗಾಗಿ ಅಲ್ಲಿ ಲೆಕ್ಕವೇ ಬೇರೆ.

ಚಿನ್ನದ ಗಣಿ ಅಂದಾಗ ನಮ್ಮಕ್ಕನ ಕಿವಿ ನೆಟ್ಟಗಾಯಿತು. ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಗುಮಾಸ್ತರಾಗಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಬೆಳಿಗ್ಗೆ ಸೈರನ್ ಹೊತ್ತಿಗೇ ಏಳುತ್ತಿದ್ದರು. ಅವರ ಮೊಮ್ಮಗ ಈಗ ಪರ್ತ್‌ನಿಂದ ಗಣಿ ಕೆಲಸಗಾರರನ್ನೇ ವಿಮಾನದಲ್ಲಿ ಹೊತ್ತು ಹೋಗುತ್ತಾನೆ. ಅಲ್ಲಿ ಎರಡು ವಾರ ಗಣಿಯಲ್ಲಿ ದುಡಿದು ಒಂದು ವಾರ ಮನೆಗೆ ಹಾರಿ ಬರುವವರಿದ್ದಾರಂತೆ. ಇದು ಪತ್ರಕ್ಕೆ ಸಂಬಂಧ ಇಲ್ಲದ ಮಾತು, ಜಾಗ ಇಲ್ಲದಿದ್ದರೆ ತೆಗೆದುಹಾಕಿ.

ಹೊಸ ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆದಿತ್ತು. ಅಷ್ಟೂ ದಿನ ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ. ಸಾವಿರಾರು ಗಂಟೆ ಹಾರಿಸಿದವನ ಪಾಡೇ ಇದು.

ಶ್ರೀನಿವಾಸಪುರದ ಆ ಹುಡುಗಿ ಯುರೋಪಿನಲ್ಲಿ ಕಲಿತು 200 ಗಂಟೆಯ ಲಾಗ್‌ಬುಕ್ ಹಿಡಿದು ಬೆಂಗಳೂರಿಗೆ ಬಂದರೂ ವಿಟಿ ವಿಮಾನ ಕೈಗೆ ಸಿಗುವುದಿಲ್ಲ. ನಮ್ಮ ದೇಶದ ವಿಮಾನಯಾನ ಸಂಸ್ಥೆ ಡಿಜಿಸಿಎ ಮತ್ತೆ ಪರೀಕ್ಷೆ ಬರೆಸುತ್ತದೆ. ಇಲ್ಲಿನ ವಾಯು ನಿಯಮದ ಪರೀಕ್ಷೆಯಂತೂ ತಪ್ಪುವುದಿಲ್ಲ. ಇಲ್ಲಿನ ಮೆಡಿಕಲ್ ಬೇಕು, ರೇಡಿಯೊ ಲೈಸೆನ್ಸ್ ಬೇಕು. ಯುರೋಪಿನಲ್ಲೇ ಇರೋಣ ಅಂದರೆ ಅಲ್ಲಿ ಕೆಲಸ ಮಾಡಲು ವೀಸಾ ಸಿಗಬೇಕು. ನಮ್ಮಕ್ಕನ ಮಗನಿಗೆ ಆಸ್ಟ್ರೇಲಿಯಾದ ವೀಸಾ ಸಿಕ್ಕಿದ್ದು ಹೆಂಡತಿಯ ನರ್ಸ್ ಕೆಲಸದಿಂದ. ಮೊದಲು ಯಾವ ದೇಶದಲ್ಲಿ ಹಾರಿಸುತ್ತಾಳೆ ಅಂತ ತೀರ್ಮಾನ ಮಾಡಿ, ಆಮೇಲೆ ಸ್ಕೂಲ್ ಹುಡುಕಿ ಅಂತ ಆ ರೈತರಿಗೆ ಹೇಳಿದೆ. ಜಕ್ಕೂರಿನಲ್ಲಿ ನಮ್ಮ ಸರ್ಕಾರದ್ದೇ ಒಂದು ವೈಮಾನಿಕ ಶಾಲೆ ಇದೆ, ಒಂದು ಸಲ ಹೋಗಿ ವಿಚಾರಿಸಿ ಅಂತಲೂ ಹೇಳಿದೆ. ಅವರು ನನ್ನ ಮುಖ ನೋಡಿದರು. ಜೆರಾಕ್ಸ್ ಅಂಗಡಿಯವನ ಮಾತು ಹೆಚ್ಚೋ, ಪೇಪರ್‌ನ ಮಾತು ಹೆಚ್ಚೋ?

ಅವರು ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಬರುವ ವಾರ ಬರುತ್ತೇನೆ ಅಂತ ಪಹಣಿಯ ಒಂದು ಪ್ರತಿಯನ್ನು ನನ್ನಲ್ಲೇ ಬಿಟ್ಟಿದ್ದಾರೆ. ಅಷ್ಟರೊಳಗೆ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ನಾಲ್ಕು ಸಾಲಾದರೂ ಸಾಕು. ಅದನ್ನು ದೊಡ್ಡದು ಮಾಡಿ ಜೆರಾಕ್ಸ್ ತೆಗೆದು ಅವರ ಕೈಗೆ ಕೊಡುತ್ತೇನೆ. ಆ ಪ್ರತಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿಯವ
ಕೋಲಾರ