ಗೂಡಿನ ಚಿತ್ರಕ್ಕೆ ವಿಳಾಸ ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಓದುಗರು ಕಳುಹಿಸಿದ ಹಕ್ಕಿಗೂಡುಗಳ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಮನೆಯೆದುರಿನ ಮರದಲ್ಲಿ ಗೂಡು ಕಟ್ಟಿದ ಶಿಕ್ರಾ, ಗರುಡ, ಹದ್ದುಗಳ ಚಿತ್ರಗಳೂ ಅವುಗಳಲ್ಲಿ ಸೇರುತ್ತಿದ್ದು, ಅಡಿಬರಹದಲ್ಲಿ ಬಡಾವಣೆಯ ಹೆಸರು, ಕೆಲವೊಮ್ಮೆ ಅಡ್ಡರಸ್ತೆಯ ಸಂಖ್ಯೆಯೂ ಇರುತ್ತದೆ. ಈ ರೂಢಿಯನ್ನು ಕೈಬಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಬೇಟೆಹಕ್ಕಿಗಳನ್ನು ಮನೆಯಿಂದಲೇ ಚಿತ್ರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಊರೊಳಗಿನ ಮಳೆಮರದಲ್ಲೋ ಕರಾವಳಿಯ ಹಿತ್ತಿಲ ತೆಂಗಿನಲ್ಲೋ ಗೂಡು ಕಟ್ಟುವ ಹಕ್ಕಿಗಳು ತಾರಸಿಯಲ್ಲಿ ಬಟ್ಟೆ ಹರವುವವರಿಗೂ ಬೀದಿಯ ಗದ್ದಲಕ್ಕೂ ಒಗ್ಗಿಕೊಂಡಿರುತ್ತವೆ. ಕಿಟಕಿಯ ಪರದೆಯ ಹಿಂದೆ ನಿಂತು ಸ್ವಲ್ಪ ಹೊತ್ತು ಕ್ಯಾಮೆರಾ ಹಿಡಿದರೆ ಅವು ಹೆಚ್ಚಾಗಿ ಬೆದರುವುದಿಲ್ಲ. ಆದರೆ ಅವು ಒಗ್ಗಿಕೊಂಡಿರುವುದು ತಮ್ಮ ಪಾಡಿಗೆ ತಾವು ಓಡಾಡುವ ಜನಕ್ಕೆ ಮಾತ್ರ. ವಿಳಾಸ ಅಚ್ಚಾದ ಮೇಲೆ ದೊಡ್ಡ ಲೆನ್ಸುಗಳೊಂದಿಗೆ ಮರದಡಿ ಬಂದು, ಗೂಡಿನತ್ತಲೇ ದೃಷ್ಟಿ ನೆಟ್ಟು ಗಂಟೆಗಟ್ಟಲೆ ನಿಲ್ಲುವ ಗುಂಪಿನ ಮಾತೇ ಬೇರೆ.

ಶಿಕ್ರಾವನ್ನೇ ನೋಡಿ. ಪಾರಿವಾಳದ ಗಾತ್ರದ ಈ ಗಿಡುಗ ಬೇಸಿಗೆಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಮೊಟ್ಟೆ ಇಟ್ಟು ಸುಮಾರು ಮೂರು ವಾರ ಕಾವು ಕೊಡುತ್ತದೆ. ಗೂಡು ಕಟ್ಟುವ ಮತ್ತು ಮೊಟ್ಟೆ ಇಡುವ ಹಂತದಲ್ಲಿ ಅಡ್ಡಿಯಾದರೆ ಬೇಟೆಹಕ್ಕಿಗಳು ಗೂಡನ್ನೇ ತೊರೆಯುವ ಸಂಭವ ಹೆಚ್ಚು. ಮರಿಯಾದ ಮೇಲೆ ಗಂಡು ಓತಿಕ್ಯಾತವನ್ನೋ ಸಣ್ಣ ಹಕ್ಕಿಯನ್ನೋ ಹಿಡಿದು ತರುತ್ತದೆ, ಹೆಣ್ಣು ಮರಿಗಳ ಬಳಿಯೇ ಉಳಿದು ಏಪ್ರಿಲ್ ಬಿಸಿಲಿಗೆ ಮೈಯೊಡ್ಡಿ ನೆರಳು ಕೊಡುತ್ತದೆ. ಅದು ಹೆದರಿ ಎದ್ದುಹೋಯಿತೆಂದರೆ ಮರಿಗಳು ಬಿಸಿಲಿಗೆ ಬೀಳುತ್ತವೆ, ನಗರದಲ್ಲಿ ಕಾಗೆಗಳಿಗಂತೂ ಅಷ್ಟೇ ಅವಕಾಶ ಸಾಕು. ರೆಕ್ಕೆ ಇನ್ನೇನು ಬಲಿಯಬೇಕು ಎನ್ನುವ ಹೊತ್ತಿನಲ್ಲಿ ಡ್ರೋನ್ ಹತ್ತಿರ ಬಂದರೆ ಹಾರಲಾರದ ಮರಿಗಳು ಗಾಬರಿಯಿಂದ ಕೆಳಗೆ ಜಿಗಿಯುತ್ತವೆ. ಕೆಳಗೆ ನಮ್ಮ ಬೀದಿನಾಯಿಗಳಿರುತ್ತವೆ. ಇವೆಲ್ಲಕ್ಕಿಂತ ಕೆಟ್ಟದ್ದು, ಚಿತ್ರ ಸ್ವಚ್ಛವಾಗಿ ಬರಲೆಂದು ಗೂಡಿನ ಸುತ್ತಲಿನ ರೆಂಬೆಗಳನ್ನು ಸವರುವ ಅಭ್ಯಾಸ. ಹಕ್ಕಿ ಆ ಜಾಗವನ್ನು ಆರಿಸಿಕೊಂಡಿದ್ದೇ ಆ ಮರೆಗಾಗಿ.

ಇದು ಬರೀ ಶಿಷ್ಟಾಚಾರದ ಪ್ರಶ್ನೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ'ಗೆ ಕೊಡುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ, ಮತ್ತು ಕಾಯ್ದೆಯ ರಕ್ಷಣೆ ಅಭಯಾರಣ್ಯದ ಗಡಿಗೆ ಮುಗಿಯುವುದಿಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗೆಂದೇ ಧಾಮವಾಗಿ ಘೋಷಿಸಲಾಯಿತು. ನಮ್ಮ ಬೀದಿಯ ಗಿಡುಗಕ್ಕೆ ಅಂಥ ಬೇಲಿಯೂ ಇಲ್ಲ, ಕಾವಲುಗಾರನೂ ಇಲ್ಲ. ವನ್ಯಜೀವಿ ಛಾಯಾಚಿತ್ರಗಳ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗಾಗಲೇ ನಿರಾಕರಿಸುತ್ತಿವೆ. ಪತ್ರಿಕೆಗಳು ಮಾತ್ರ ಅವನ್ನು ಪುಟದ ನೆತ್ತಿಯಲ್ಲಿ ಅಚ್ಚುಹಾಕುತ್ತಿರುವುದು ನನಗೆ ಸರಿಕಾಣುವುದಿಲ್ಲ. ತಮ್ಮ ಹೆಸರು ಪತ್ರಿಕೆಯಲ್ಲಿ ಬರಲೆಂಬ ಆಸೆ ಸಹಜವೇ. ಆದರೆ ಅಂಥ ಒಂದು ಚಿತ್ರ ಪ್ರಕಟವಾದರೆ ಮುಂದಿನ ವರ್ಷ ಹತ್ತು ಮಂದಿ ಮರ ಹುಡುಕಿಕೊಂಡು ಹೊರಡುತ್ತಾರೆ.

ಆದ್ದರಿಂದ ಗೂಡಿನ ಚಿತ್ರ ಕಳುಹಿಸಿದವರನ್ನು, ಅದನ್ನು ಎಲ್ಲಿಂದ, ಎಷ್ಟು ದೂರದಿಂದ ತೆಗೆದದ್ದೆಂದು ಸಂಪಾದಕೀಯ ವಿಭಾಗ ಕೇಳಲಿ. ಪ್ರಕಟಿಸಲೇಬೇಕೆನಿಸಿದರೆ ಮರಿಗಳು ಹಾರಿಹೋಗುವವರೆಗೆ ತಡೆದು, ಊರಿನ ಹೆಸರನ್ನಷ್ಟೇ ಕೊಡಲಿ. ಬೇಟೆಹಕ್ಕಿಗಳು ಅದೇ ಗೂಡಿಗೋ ಅದರ ಆಸುಪಾಸಿಗೋ ಮರುವರ್ಷವೂ ಬರುವುದುಂಟಾದ್ದರಿಂದ, ಮರಿಗಳು ಹಾರಿದ ಮೇಲೂ ಬಡಾವಣೆಯ ಹೆಸರು ಬೇಡ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜಾಗದ ನಕ್ಷೆಯನ್ನೇ ಹಂಚುವ ಮಿತ್ರರಿಗೂ ನನ್ನ ಕೋರಿಕೆ ಇದೇ.

ಇದರಿಂದ ಓದುಗರಿಗೆ ಒಳ್ಳೆಯ ಚಿತ್ರಗಳು ತಪ್ಪುತ್ತವೆ ಎಂದುಕೊಳ್ಳಬೇಕಿಲ್ಲ. ಗೂಡು ಬಿಟ್ಟ ಮರಿಗಳು ಮತ್ತೂ ಕೆಲವು ದಿನ ಆಸುಪಾಸಿನ ಕೊಂಬೆಗಳಲ್ಲೇ ಕುಳಿತು ತಂದೆತಾಯಿಯಿಂದ ಗುಟುಕು ಪಡೆಯುತ್ತವೆ. ಕ್ಯಾಮೆರಾ ಹಿಡಿದವರು ಅಲ್ಲಿಯವರೆಗೆ ಕಾದರೆ, ಎಲೆಮರೆಯಲ್ಲಿ ಕಾಣದ್ದು ಬಯಲಿನಲ್ಲೇ ಸಿಗುತ್ತದೆ. ಅಷ್ಟರಲ್ಲಿ ಮರಿಗಳಿಗೂ ಬೇಡವೆನಿಸಿದರೆ ಎದ್ದುಹೋಗುವಷ್ಟು ರೆಕ್ಕೆ ಬಂದಿರುತ್ತದೆ.

– ಓದುಗ, ಮೈಸೂರು